ವಂದನಾರ್ಪಣೆ ಹೊತ್ತಿಗೆ ಎದ್ದು ಹೋಗೋರಿಗೆ

(1/9)
ಕ್ಲಾಸ್‌ಮೇಟ್ಸ್, ಜೂನಿಯರ್ಸ್, ಸುಮ್ನೆ ಫಾಲೋ ಮಾಡ್ತಿರೋರು, ಎಲ್ಲರಿಗೂ ಒಂದು ಪ್ರಶ್ನೆ. 'ಕನ್ನಡದ ಕೋಟ್ಯಧಿಪತಿ' ನೆನಪಿದೆಯಾ? 2012ರಲ್ಲಿ ಶುರುವಾಗಿದ್ದು. ನಾವೆಲ್ಲ ಆಗ ಒಂದನೇ ಕ್ಲಾಸೋ ಎರಡನೇ ಕ್ಲಾಸೋ. ಅಲ್ಲಿ ಅಪ್ಪು ನಗ್ತಾ ಪ್ರಶ್ನೆ ಕೇಳೋರು, ಇಲ್ಲಿ ನಮ್ಮಜ್ಜಿ 'ಬಿ ಅನ್ನಯ್ಯಾ, ಬಿ' ಅಂತ ಟಿವಿಗೆ ಕೂಗೋರು. ಆ ಕುರ್ಚಿ ನೆನಪಿದೆ, ಆ ಮ್ಯೂಸಿಕ್ ನೆನಪಿದೆ. ಸರಿ, ಆ ಪ್ರಶ್ನೆಗಳನ್ನ ಬರೆದವರು ಯಾರು? ಒಂದೇ ಒಂದು ಹೆಸರು ಹೇಳಿ ನೋಡೋಣ.

ಬಾಯಿಗೆ ಬರಲ್ಲ ಅಲ್ವಾ? ಹೆಸರುಗಳು ಬರೋ ಹೊತ್ತಿಗೆ ರಿಮೋಟ್ ನಮ್ಮ ಕೈಗೆ ಬಂದಿರುತ್ತೆ.

ನಮ್ಮ ಕಡೆ ಯಾವ ಸಮಾರಂಭಕ್ಕೆ ಬೇಕಾದ್ರೂ ಹೋಗಿ. ಪ್ರಾರ್ಥನೆ, ಸ್ವಾಗತ, ದೀಪ ಬೆಳಗೋದು, ಅಧ್ಯಕ್ಷರ ಭಾಷಣ, ಎಲ್ಲ ಮುಗಿದ ಮೇಲೆ ವಂದನಾರ್ಪಣೆ. ಒಬ್ಬರು ಚೀಟಿ ಹಿಡ್ಕೊಂಡು ಬಂದು ಶಾಮಿಯಾನದವರಿಗೆ, ಮೈಕ್ ಸೆಟ್‌ನವರಿಗೆ, ಅಡುಗೆಯವರಿಗೆ ಅಂತ ಓದ್ತಿರ್ತಾರೆ. ಅಷ್ಟರಲ್ಲಿ ಅರ್ಧ ಸಭೆ ಊಟದ ಸಾಲಲ್ಲಿ. ಟಿವಿ ಶೋಗಳ ಕೊನೆಯಲ್ಲಿ ಬರೋ ಎಂಡ್ ಕ್ರೆಡಿಟ್ಸ್ ಅಂದ್ರೆ ಅದೇ ವಂದನಾರ್ಪಣೆ.

ನನ್ನ ವಾದ ಇಷ್ಟು: ಒಂದು ಶೋ ತನ್ನ ಕೊನೆಯ ಒಂದು ನಿಮಿಷದಲ್ಲಿ ಏನು ಮಾಡುತ್ತೆ ಅಂತ ನೋಡಿದ್ರೆ ಸಾಕು, ಅದು ಯಾರನ್ನ ಲೆಕ್ಕಕ್ಕೆ ಇಟ್ಕೊಂಡಿದೆ, ಯಾರನ್ನ ಇಲ್ಲ ಅಂತ ತಿಳಿಯುತ್ತೆ. ಇದಕ್ಕೆ ಅಮೆರಿಕದ ಗೇಮ್ ಶೋಗಳಿಗಿಂತ ಒಳ್ಳೇ ಪಾಠ ಇಲ್ಲ. ಒಂಬತ್ತು ಪೋಸ್ಟ್ ಇವೆ. ನನ್ನ ಮೇಲೂ ಒಂದು ಆರೋಪ ಇದೆ, ಅದು ಎಂಟನೇದರಲ್ಲಿ.

(2/9)
ಮೊದಲು ಆ ಕೊನೇ ನಿಮಿಷ ಹೇಗಿರ್ತಿತ್ತು ಅಂತ ಹೇಳ್ತೀನಿ. 1960ರಿಂದ 80ರ ದಶಕದವರೆಗಿನ ಅಮೆರಿಕದ ಯಾವುದಾದ್ರೂ ಗೇಮ್ ಶೋದ ಹಳೇ ಕ್ಲಿಪ್ ಹುಡುಕಿ, ಕೊನೇವರೆಗೂ ನೋಡಿ.

ಆಟ ಮುಗಿಯುತ್ತೆ. ನಿರೂಪಕ ಕೈಬೀಸ್ತಾರೆ. ಗೆದ್ದವರ ಮನೆಯವರು ವೇದಿಕೆಗೆ ಓಡಿ ಬಂದು ತಬ್ಕೋತಾರೆ. ಅದರ ಮೇಲೆ ಒಂದು ದನಿ ಶುರುವಾಗುತ್ತೆ. ಮುಖ ಕಾಣದ ಅನೌನ್ಸರ್‌ನ ದನಿ. ಇಂಥ ಕಂಪನಿಯ ಕಾರ್ ಪಾಲಿಶ್, ಇಂಥ ಕಂಪನಿಯ ಅಡುಗೆ ಪೊಟ್ಟಣ ಅಂತ ಬಹುಮಾನ ಕೊಟ್ಟವರ ಹೆಸರನ್ನೆಲ್ಲ ಒಂದೇ ಉಸಿರಲ್ಲಿ ಓದ್ತಾರೆ. ಸೋತು ಮನೆಗೆ ಹೋಗೋರಿಗೆ 'ರೈಸ್-ಎ-ರೋನಿ' ಅನ್ನೋ ಪೊಟ್ಟಣ ಸಿಗ್ತಿತ್ತು ಅನ್ನೋದು ಅಮೆರಿಕದವರಿಗೆ ಇವತ್ತಿಗೂ ಜೋಕು.

ಆಮೇಲೆ ಪರದೆ ಮೇಲೆ ಸಣ್ಣಕ್ಷರದ ಷರಾ: ಫಲಿತಾಂಶಕ್ಕೆ ಸಂಬಂಧ ಇಲ್ಲದ ಕೆಲವು ಭಾಗಗಳನ್ನು ಕತ್ತರಿಸಲಾಗಿದೆ ಅಂತ. ಆಮೇಲೆ ಕೆಳಗಿಂದ ಮೇಲಕ್ಕೆ ಹೆಸರುಗಳ ಸಾಲು. ನಿರ್ಮಾಪಕರು, ನಿರ್ದೇಶಕರು, ಪ್ರಶ್ನೆ ಬರೆದವರು, ಲೈಟ್, ಆಡಿಯೋ, ಸೆಟ್, ಮೇಕಪ್. ಕೊನೇಲಿ ಅನೌನ್ಸರ್ ತನ್ನ ಹೆಸರು ಹೇಳಿ ಮುಗಿಸ್ತಾರೆ. 'ದ ಪ್ರೈಸ್ ಈಸ್ ರೈಟ್' ಶೋದಲ್ಲಿ ಜಾನಿ ಓಲ್ಸನ್ ಹಾಗೇ ಮಾಡೋರು: ಮಾತಾಡ್ತಿರೋದು ನಾನು ಜಾನಿ ಓಲ್ಸನ್, ಇದು ಮಾರ್ಕ್ ಗುಡ್ಸನ್–ಬಿಲ್ ಟಾಡ್‌ಮನ್ ನಿರ್ಮಾಣ ಅಂತ.

ಇಷ್ಟೆಲ್ಲ ಒಂದು ನಿಮಿಷದ ಆಸುಪಾಸಿನಲ್ಲಿ. ಸಿನಿಮಾಗೆ ಹೆಸರಿನ ಪಟ್ಟಿ ಒಂದೇ ಸಾಕು. ಗೇಮ್ ಶೋಗೆ ಮಾತ್ರ ಈ ದನಿ, ಈ ಷರಾ, ಈ ಲೆಕ್ಕ ಒಪ್ಪಿಸೋ ಗಡಿಬಿಡಿ ಯಾಕೆ? ಹಿಂದೆ ಒಂದು ಮೋಸ ನಡೆದಿತ್ತು, ಅದಕ್ಕೆ.

(3/9)
1956. ಎನ್‌ಬಿಸಿ ಚಾನೆಲ್‌ನಲ್ಲಿ 'ಟ್ವೆಂಟಿ-ಒನ್' ಅನ್ನೋ ಕ್ವಿಜ್. ಪ್ರಾಯೋಜಕರು 'ಜೆರಿಟಾಲ್' ಅನ್ನೋ ಟಾನಿಕ್‌ನವರು. ವಾರವಾರ ಗೆಲ್ತಿದ್ದವರು ಹರ್ಬ್ ಸ್ಟೆಂಪೆಲ್. ಜನಕ್ಕೆ ಹೊಸ ಮುಖ ಬೇಕು ಅಂತ ನಿರ್ಮಾಪಕರು ತೀರ್ಮಾನ ಮಾಡಿದ್ರು. ಸುಂದರವಾಗಿದ್ದ ಕೊಲಂಬಿಯಾ ವಿಶ್ವವಿದ್ಯಾಲಯದ ಮೇಷ್ಟ್ರು ಚಾರ್ಲ್ಸ್ ವಾನ್ ಡೋರನ್ ಬಂದ್ರು. ಸ್ಟೆಂಪೆಲ್‌ಗೆ ಸೋಲೋಕೆ ಹೇಳಿದ್ರು. 1955ರ ಅತ್ಯುತ್ತಮ ಚಿತ್ರದ ಆಸ್ಕರ್ ಯಾವುದಕ್ಕೆ ಅಂತ ಪ್ರಶ್ನೆ. ಉತ್ತರ 'ಮಾರ್ಟಿ' ಅಂತ ಗೊತ್ತಿದ್ದೂ ಆ ಮನುಷ್ಯ 'ಆನ್ ದ ವಾಟರ್‌ಫ್ರಂಟ್' ಅನ್ನಬೇಕಾಯ್ತು.

ವಾನ್ ಡೋರನ್ 1,29,000 ಡಾಲರ್ ಗೆದ್ದರು. ದೇಶವೆಲ್ಲ ಅವರನ್ನ ತಲೆ ಮೇಲೆ ಹೊತ್ಕೊಂಡು ಮೆರೆಸಿತು. ಕೊನೆಗೆ 1959ರ ನವೆಂಬರ್ 2ರಂದು ಅಮೆರಿಕದ ಸಂಸತ್ತಿನ ಸಮಿತಿ ಎದುರು ಪ್ರಶ್ನೆ–ಉತ್ತರ ಮೊದಲೇ ಸಿಗ್ತಿತ್ತು ಅಂತ ಒಪ್ಕೊಂಡರು.

1960ರಲ್ಲಿ ಕಾನೂನು ತಿದ್ದುಪಡಿ ಆಯ್ತು. ನೋಡುಗರಿಗೆ ಮೋಸ ಮಾಡೋಕೆ ಕ್ವಿಜ್‌ನ ಫಲಿತಾಂಶ ಮೊದಲೇ ತೀರ್ಮಾನಿಸೋದು ಅಪರಾಧ ಆಯ್ತು. ದುಡ್ಡೋ ಬೆಲೆಬಾಳೋ ವಸ್ತುವೋ ತಗೊಂಡು ಏನನ್ನಾದ್ರೂ ಪ್ರಸಾರ ಮಾಡಿದ್ರೆ ಕೊಟ್ಟವರು ಯಾರು ಅಂತ ಪ್ರಸಾರದಲ್ಲೇ ಹೇಳಬೇಕು ಅನ್ನೋ ಹಳೇ ನಿಯಮವನ್ನೂ ಬಿಗಿ ಮಾಡಿದ್ರು.

ಈಗ ಆ ಕೊನೇ ನಿಮಿಷವನ್ನ ಇನ್ನೊಂದು ಸಲ ನೋಡಿ. ಬಹುಮಾನ ಕೊಟ್ಟವರ ಹೆಸರು ಓದೋದು, 'ಫಲಿತಾಂಶಕ್ಕೆ ಸಂಬಂಧ ಇಲ್ಲದ ಭಾಗ' ಅನ್ನೋ ಷರಾ, ಎಲ್ಲಕ್ಕೂ ಅರ್ಥ ಬರುತ್ತೆ. ಅಂಗಡಿಯವರು ಕೊಡೋ ರಸೀದಿ ಥರ ಅದು. ಇಂಥವರಿಂದ ತಗೊಂಡೆವು, ಇಷ್ಟು ಕತ್ತರಿಸಿದೆವು, ಇಂಥವರು ಕೆಲಸ ಮಾಡಿದ್ರು. ರಸೀದಿ ಯಾರೂ ಓದಲ್ಲ ನಿಜ. ಆದ್ರೆ ಲೆಕ್ಕ ತಪ್ಪಿದ ದಿನ ಕೈಗೆ ಬೇಕಾಗೋದು ಅದೊಂದೇ.

(4/9)
ಹಾಗಂತ ಹಳೇದೆಲ್ಲ ಚಿನ್ನ ಅಂತ ಹೇಳೋಕೆ ಬಂದಿಲ್ಲ. ಆ ರಸೀದಿಯಲ್ಲೇ ಒಂದು ಅನ್ಯಾಯ ಕೂತಿತ್ತು.

ದಿನಾ ಬರೋ ಗೇಮ್ ಶೋಗಳಲ್ಲಿ ಪೂರ್ತಿ ಹೆಸರಿನ ಪಟ್ಟಿ ದಿನಾ ಬರ್ತಿರಲಿಲ್ಲ. ಸಾಮಾನ್ಯವಾಗಿ ವಾರಕ್ಕೊಮ್ಮೆ. ಉಳಿದ ದಿನ ನಾಲ್ಕೈದು ದೊಡ್ಡ ಹೆಸರು ಹಾಕಿ ಮುಗಿಸೋರು. ಇಂಥ ಶೋಗಳನ್ನ ಒಂದೇ ದಿನಕ್ಕೆ ಐದು ಎಪಿಸೋಡ್ ಲೆಕ್ಕದಲ್ಲಿ ಶೂಟ್ ಮಾಡ್ತಾರೆ, 'ಜೆಪರ್ಡಿ' ಇವತ್ತಿಗೂ ಹಾಗೇ. ಅಂದ್ರೆ ಕ್ಯಾಮೆರಾ ಹಿಡಿದವರು ಐದು ಎಪಿಸೋಡ್‌ಗೂ ಬೆವರು ಸುರಿಸಬೇಕು, ಹೆಸರು ಮಾತ್ರ ಒಂದರಲ್ಲಿ, ಅದೂ ಓಡೋ ಅಕ್ಷರದಲ್ಲಿ.

ಬಹುಮಾನ ಕೊಟ್ಟ ಕಂಪನಿಗಳ ಹೆಸರೋ? ಅದನ್ನ ಗಟ್ಟಿ ದನೀಲಿ, ಚಿತ್ರ ತೋರಿಸಿ ಹೇಳೋರು. ನಿರೂಪಕರ ಸೂಟ್ ಕೊಟ್ಟವರ ಹೆಸರೂ ಬರ್ತಿತ್ತು. 'ಬಾಟನಿ 500' ಅನ್ನೋ ಸೂಟ್ ಕಂಪನಿ ಅಮೆರಿಕದ ಮನೆಮನೆಗೆ ಗೊತ್ತಾಗಿದ್ದೇ ಗೇಮ್ ಶೋಗಳ ಕೊನೇ ನಿಮಿಷದಿಂದ. ಕೋಟಿಗೆ ಸಿಕ್ಕಷ್ಟು ಮರ್ಯಾದೆ ಪ್ರಶ್ನೆ ಬರೆದವರಿಗೆ ಸಿಗಲಿಲ್ಲ.

ಯಾಕೆ? ದುಡ್ಡು ಕೊಟ್ಟವರ ಹೆಸರು ಹೇಳಲೇಬೇಕು ಅಂತ ಕಾನೂನಿತ್ತು. ದುಡಿದವರ ಹೆಸರಿಗೆ ಅಂಥ ಕಾನೂನು ಇರಲಿಲ್ಲ. ಯೂನಿಯನ್ ಒಪ್ಪಂದ ಇದ್ದ ಕೆಲಸಗಳಿಗೆ ಅಷ್ಟಿಷ್ಟು ರಕ್ಷಣೆ ಸಿಕ್ತು, ಉಳಿದದ್ದು ಚಾನೆಲ್‌ನವರ ದೊಡ್ಡ ಮನಸ್ಸು. ದೊಡ್ಡ ಮನಸ್ಸನ್ನ ನಂಬ್ಕೊಂಡ ಯಾವ ವ್ಯವಸ್ಥೆಯೂ ಬಹಳ ದಿನ ಬಾಳಲ್ಲ. ಮುಂದೆ ಆಗಿದ್ದೂ ಅದೇ.

ಮದುವೆ ಕಾರ್ಡಲ್ಲಿ 'ಸುಖಾಗಮನ ಬಯಸುವವರು' ಅಂತ ಪಟ್ಟಿ ಇರುತ್ತಲ್ಲ, ಅದರಲ್ಲಿ ಚಿಕ್ಕಪ್ಪನ ಹೆಸರು ಬಿಟ್ಟು ನೋಡಿ. ಹತ್ತು ವರ್ಷ ಮಾತು ಬಿಡ್ತಾರೆ. ಹೆಸರಿನ ಬೆಲೆ ನಮಗೆ ಗೊತ್ತಿಲ್ಲದ ವಿಷಯ ಏನಲ್ಲ. ನಮ್ಮವರ ಹೆಸರಾದ್ರೆ ಮಾತ್ರ ನೆನಪಾಗುತ್ತೆ, ಅಷ್ಟೇ.

(5/9)
ಆ ಕೊನೇ ನಿಮಿಷಕ್ಕೆ ಎಷ್ಟು ಶಕ್ತಿ ಇತ್ತು ಅನ್ನೋದಕ್ಕೆ ಎರಡು ಉದಾಹರಣೆ.

ಒಂದು, ಬಾಬ್ ಬಾರ್ಕರ್. 1972ರಿಂದ 2007ರವರೆಗೆ, ಅಂದ್ರೆ 35 ವರ್ಷ, 'ದ ಪ್ರೈಸ್ ಈಸ್ ರೈಟ್' ನಡೆಸಿಕೊಟ್ಟವರು. 1982ರಿಂದ ಅವರು ಪ್ರತಿ ಶೋ ಮುಗಿಸುವಾಗ ಒಂದೇ ಮಾತು ಹೇಳೋರು: ನಿಮ್ಮ ನಾಯಿ–ಬೆಕ್ಕುಗಳಿಗೆ ಸಂತಾನಹರಣ ಚಿಕಿತ್ಸೆ ಮಾಡಿಸಿ, ಬೀದಿ ಪಾಲಾಗೋ ಮರಿಗಳ ಸಂಖ್ಯೆ ಕಮ್ಮಿ ಮಾಡಿ. ಪಾತ್ರೆ, ಕಾರು, ಪ್ರವಾಸದ ಟಿಕೆಟ್ ಹಂಚೋ ಶೋದ ಕೊನೇಲಿ ಈ ಮಾತು! ಅವರ ಜಾಗಕ್ಕೆ ಬಂದ ಡ್ರೂ ಕ್ಯಾರಿ ಕೂಡ ಅದನ್ನ ಬಿಡಲಿಲ್ಲ. ಬಾರ್ಕರ್ 2023ರಲ್ಲಿ, 99ನೇ ವಯಸ್ಸಿನಲ್ಲಿ ತೀರ್ಕೊಂಡಾಗ ಜನ ಅವರ ಆಟಗಳ ಜೊತೆಗೆ ಆ ಕೊನೇ ಮಾತನ್ನೂ ನೆನೆಸ್ಕೊಂಡರು. ಯಾರೂ ನೋಡಲ್ಲ ಅಂತ ನಾವು ಬರೆದುಹಾಕೋ ಜಾಗದಲ್ಲಿ ಆ ಮನುಷ್ಯ 25 ವರ್ಷ ಒಂದೇ ಮಾತು ನೆಟ್ಟರು.

ಎರಡು, 'ಜೆಪರ್ಡಿ'. ಆಟ ಮುಗಿದ ಮೇಲೆ ನಿರೂಪಕರು ಸ್ಪರ್ಧಿಗಳ ಹತ್ತಿರ ಹೋಗಿ ನಿಂತ್ಕೊಂಡು ಮಾತಾಡ್ತಾರೆ. ನಮಗೆ ಮಾತು ಕೇಳಿಸಲ್ಲ. ಮ್ಯೂಸಿಕ್ ಬರ್ತಿರುತ್ತೆ, ಹೆಸರುಗಳು ಹೋಗ್ತಿರುತ್ತವೆ. ಸೋತವರು ನಗ್ತಿರ್ತಾರೆ, ಗೆದ್ದವರು ಏನೋ ವಿವರಿಸ್ತಿರ್ತಾರೆ. ಅಲೆಕ್ಸ್ ಟ್ರಬೆಕ್ 1984ರಿಂದ 2020ರಲ್ಲಿ ತೀರಿಕೊಳ್ಳೋವರೆಗೂ ಆ ಶೋ ನಡೆಸಿದ್ರು. ಅಷ್ಟೂ ಹೊತ್ತು ಪ್ರಶ್ನೆ ಕೇಳೋ ಮೇಷ್ಟ್ರ ಥರ ಇದ್ದವರು ಆ ಅರ್ಧ ನಿಮಿಷ ಮಾತ್ರ ಪಕ್ಕದ ಮನೆಯವರ ಥರ ಕಾಣೋರು.

ಅದನ್ನ ಕತ್ತರಿಸಿ ಜಾಹೀರಾತು ಹಾಕಿದ್ರೆ ಆಟ ಹೇಗಿದ್ರೂ ಹಾಗೇ ಉಳಿಯುತ್ತೆ. ಆಡಿದವರು ಮನುಷ್ಯರು ಅನ್ನೋದು ಮಾತ್ರ ಕಾಣದೇ ಹೋಗುತ್ತೆ.

(6/9)
'ಹೆಸರು ಹಾಕಿದ್ರೆ ಏನು ಸಿಗುತ್ತೆ ಗುರು' ಅಂತ ಕೇಳೋರಿಗೆ ಇದೇ ಶೋದಿಂದ ಮೂರು ಕಥೆ.

'ಜೆಪರ್ಡಿ'ಯಲ್ಲಿ ಸ್ಪರ್ಧಿಗಳು ಕೊನೇ ಉತ್ತರ ಬರೆಯುವಾಗ ಒಂದು ಟ್ಯೂನ್ ಬರುತ್ತಲ್ಲ, ನಮ್ಮ ರೀಲ್ಸ್‌ಗಳಲ್ಲೂ ಯೋಚನೆ ಮಾಡೋ ಸೀನಿಗೆ ಹಾಕ್ತೀವಲ್ಲ, ಅದನ್ನ ಮಾಡಿದವರು ಶೋ ಹುಟ್ಟುಹಾಕಿದ ಮರ್ವ್ ಗ್ರಿಫಿನ್. ಮೊದಲು ಮಗನನ್ನ ಮಲಗಿಸೋಕೆ ಮಾಡಿದ ಜೋಗುಳ ಅದು. ಅದರಿಂದ 7 ಕೋಟಿ ಡಾಲರ್‌ನಷ್ಟು ರಾಯಲ್ಟಿ ಬಂತು ಅಂತ ಅವರೇ ಹೇಳ್ಕೊಂಡಿದ್ರು. ಹೆಸರು ಸರಿಯಾದ ಜಾಗದಲ್ಲಿ ದಾಖಲಾದ್ರೆ ಜೋಗುಳವೂ ಮನೆ ನಡೆಸುತ್ತೆ.

ಎರಡನೇದು. ಉತ್ತರ ಮೊದಲು ಕೊಟ್ಟು ಪ್ರಶ್ನೆ ಕೇಳಿಸೋದು ಈ ಶೋದ ಜೀವಾಳ. ಆ ಐಡಿಯಾ ಕೊಟ್ಟವರು ಗ್ರಿಫಿನ್ ಅವರ ಆಗಿನ ಹೆಂಡತಿ ಜೂಲಾನ್. ವಿಮಾನದಲ್ಲಿ ಬರುವಾಗ ಅವರು '5,280' ಅಂದರಂತೆ, ಗಂಡ 'ಒಂದು ಮೈಲಿಗೆ ಎಷ್ಟು ಅಡಿ' ಅಂದರಂತೆ. ಇದನ್ನ ಗ್ರಿಫಿನ್ ಕೂಡ ಮುಚ್ಚಿಡಲಿಲ್ಲ, ಎಲ್ಲ ಕಡೆ ಹೇಳ್ಕೊಂಡರು. ಆದ್ರೆ ಶೋದ ಕೊನೇಲಿ 'ಸೃಷ್ಟಿ' ಅನ್ನೋ ಸಾಲಿನ ಎದುರು ಬಂದಿದ್ದು ಗಂಡನ ಹೆಸರೊಂದೇ. ಪಟ್ಟಿ ಇದ್ದರೆ ಸಾಲದು, ಪಟ್ಟಿ ನಿಜ ಹೇಳಬೇಕು.

ಮೂರನೇದು. 1964ರಿಂದ 75ರವರೆಗೆ ಬಂದ ಮೊದಲ 'ಜೆಪರ್ಡಿ'ಯ ಟೇಪ್‌ಗಳಲ್ಲಿ ಬಹುತೇಕ ಇವತ್ತು ಇಲ್ಲವೇ ಇಲ್ಲ. ಆ ಕಾಲದಲ್ಲಿ ಟೇಪ್ ದುಬಾರಿ, ಅಳಿಸಿ ಮತ್ತೆ ಬಳಸೋರು. ಎರಡು ಸಾವಿರಕ್ಕೂ ಹೆಚ್ಚು ಎಪಿಸೋಡ್‌ಗಳಲ್ಲಿ ಉಳಿದಿದ್ದು ಬೆರಳೆಣಿಕೆಯಷ್ಟು. ಆಟದ ಜೊತೆ ಆ ಹೆಸರಿನ ಸಾಲುಗಳೂ ಅಳಿಸಿಹೋದವು. ನಿರೂಪಕ ಆರ್ಟ್ ಫ್ಲೆಮಿಂಗ್ ಹೆಸರು ಪುಸ್ತಕಗಳಲ್ಲಿ ಉಳೀತು. ಲೈಟ್ ಹಿಡಿದವರ ಹೆಸರಿಗೆ ಆ ಟೇಪೇ ಪುಸ್ತಕವಾಗಿತ್ತು.

(7/9)
ಈಗ ಕತ್ತರಿಯ ಕಥೆ.

1994ರಲ್ಲಿ ಎನ್‌ಬಿಸಿ ಒಂದು ಲೆಕ್ಕ ಹಾಕ್ತು. ಶೋ ಮುಗಿದು ಹೆಸರುಗಳು ಬರುವಾಗ ಜನ ಚಾನೆಲ್ ಬದಲಾಯಿಸ್ತಾರೆ. ಹಾಗಾದ್ರೆ ಹೆಸರುಗಳನ್ನ ಪರದೆಯ ಒಂದು ಬದಿಗೆ ಒತ್ತಿ, ಉಳಿದ ಜಾಗದಲ್ಲಿ ಮುಂದಿನ ಕಾರ್ಯಕ್ರಮದ ತುಣುಕು ತೋರಿಸೋಣ. ರಾತ್ರಿ ಕಾರ್ಯಕ್ರಮಗಳಿಂದ ಶುರುವಾಗಿದ್ದನ್ನ ಉಳಿದ ಚಾನೆಲ್‌ಗಳೂ ಹಿಡಿದವು. ಪರದೆ ಸಣ್ಣದಾಯ್ತು, ಅಕ್ಷರ ಇರುವೆ ಸಾಲಾಯ್ತು.

ಅದೇ ವರ್ಷ ಡಿಸೆಂಬರ್ 1ರಂದು ಗೇಮ್ ಶೋಗಳಿಗಂತಲೇ ಒಂದು ಚಾನೆಲ್ ಶುರುವಾಯ್ತು, 'ಗೇಮ್ ಶೋ ನೆಟ್‌ವರ್ಕ್'. ಹಳೇ ಶೋಗಳಿಗೆ ಮರುಜೀವ ಕೊಟ್ಟಿದ್ದಕ್ಕೆ ಅವರಿಗೆ ಥ್ಯಾಂಕ್ಸ್ ಹೇಳಲೇಬೇಕು. ಆದ್ರೆ ಅಲ್ಲೂ ಬರ್ತಾ ಬರ್ತಾ ಹಳೇ ಶೋಗಳ ಕೊನೇ ನಿಮಿಷವನ್ನ ಕುಗ್ಗಿಸಿ ಪಕ್ಕದಲ್ಲಿ ಜಾಹೀರಾತು ಕೂರಿಸಿದ್ರು. ಗೇಮ್ ಶೋ ಪ್ರೀತಿಸೋರ ಮನೆಯಲ್ಲೇ ಗೇಮ್ ಶೋ ಮಾಡಿದವರಿಗೆ ಜಾಗ ಇಲ್ಲ.

ಆಮೇಲೆ ಬಂದಿದ್ದು ನಮ್ಮ ಕಾಲ. ಸ್ಟ್ರೀಮಿಂಗ್ ಆ್ಯಪ್‌ನಲ್ಲಿ ಮೊದಲ ಹೆಸರು ಕಾಣೋ ಹೊತ್ತಿಗೆ ಚಿತ್ರ ಮೂಲೆಗೆ ಸರಿಯುತ್ತೆ, ಮುಂದಿನ ಎಪಿಸೋಡ್‌ಗೆ ಎಣಿಕೆ ಶುರುವಾಗುತ್ತೆ. ಹೆಸರು ಓದಬೇಕು ಅಂದ್ರೆ ನಾವೇ ಓಡಿಹೋಗಿ ಬಟನ್ ಒತ್ತಿ ನಿಲ್ಲಿಸಬೇಕು. ಮೊದಲು ಕೂತಲ್ಲೇ ಕಾಣ್ತಿದ್ದ ಹೆಸರನ್ನ ಈಗ ಹಠ ಹಿಡಿದು ನೋಡಬೇಕು.

ರೀಲ್ಸ್ ಬಂದ ಮೇಲಂತೂ ಆ ಕೊನೇ ನಿಮಿಷವೇ ಇಲ್ಲ. ಬೆರಳು ಸರಿಸಿದ್ರೆ ಮುಂದಿನದು. ಊಟದ ಸಾಲು ಬಿಡಿ, ಸಭೆಯಲ್ಲಿ ಕುರ್ಚಿಯೇ ಹಾಕಿಲ್ಲ.

(8/9)
ಈಗ ನನ್ನ ಮೇಲಿನ ಆರೋಪ.

ನಮ್ಮ ಡಿಪಾರ್ಟ್‌ಮೆಂಟ್ ಕ್ವಿಜ್ ವಿಡಿಯೋ ನೋಡಿದೀರಲ್ಲ, ಎಲ್ಲರೂ ಸ್ಟೋರಿಗೆ ಹಾಕ್ಕೊಂಡ್ರಲ್ಲ, ಅದನ್ನ ಎಡಿಟ್ ಮಾಡಿದ್ದು ನಾನು. ಕೊನೇಲಿ 14 ಹೆಸರಿನ ಕಾರ್ಡ್ ಮಾಡಿದ್ದೆ, 20 ಸೆಕೆಂಡ್. ಗ್ರೂಪಲ್ಲಿ ಒಬ್ರು 'ಕೊನೇಲಿ ಜನ ಬಿಟ್ಟು ಹೋಗ್ತಾರೆ, ರೀಚ್ ಬೀಳುತ್ತೆ' ಅಂದ್ರು. ನಾನು ಒಂದು ಮಾತೂ ಆಡದೆ ಕತ್ತರಿಸಿದೆ. ಸ್ಪಾನ್ಸರ್ ಲೋಗೋ ಮಾತ್ರ ಎಂಟು ಸೆಕೆಂಡ್ ಇಟ್ಟೆ, ಯಾಕಂದ್ರೆ ಅವರು ದುಡ್ಡು ಕೊಟ್ಟಿದ್ರು. ನಾಲ್ಕನೇ ಪೋಸ್ಟಲ್ಲಿ ಅಮೆರಿಕದವರಿಗೆ ಬೈದೆನಲ್ಲ, ಅದೇ ಕೆಲಸ ನಾನೂ ಮಾಡಿದ್ದೆ. ನನಗೆ ಕಾನೂನಿನ ಒತ್ತಾಯವೂ ಇರಲಿಲ್ಲ.

ಆ ಕ್ವಿಜ್‌ನ 120 ಪ್ರಶ್ನೆ ಬರೆದಿದ್ದು ಸೆಕೆಂಡ್ ಇಯರ್‌ನ ಒಬ್ಬ ಹುಡುಗಿ. ಮೂರು ರಾತ್ರಿ ಹಾಸ್ಟೆಲ್‌ನಲ್ಲಿ ಕೂತು, ಪ್ರತಿ ಉತ್ತರವನ್ನೂ ಎರಡೆರಡು ಕಡೆ ನೋಡಿ ಖಾತ್ರಿ ಮಾಡ್ಕೊಂಡು ಬರೆದಿದ್ದಳು. ವಿಡಿಯೋನ ಮನೆಗೆ ಕಳಿಸಿದ್ದಾಳೆ. ಅವರಮ್ಮ ಎರಡು ಸಲ ಪೂರ್ತಿ ನೋಡಿ ಫೋನ್ ಮಾಡಿ 'ನಿನ್ನ ಹೆಸರು ಎಲ್ಲಿ ಬರುತ್ತೆ ಮಗಾ, ನಂಗೆ ಕಾಣ್ಲಿಲ್ಲ' ಅಂದಿದ್ದಾರೆ. ಇದನ್ನ ಅವಳು ನನಗೆ ನಗ್ತಾನೇ ಹೇಳಿದಳು. ನಂಗೆ ನಗು ಬರಲಿಲ್ಲ.

'ಯಾರೂ ಓದಲ್ಲ' ಅಂತೀರಲ್ಲ, ಓದೋರು ಇರ್ತಾರೆ. ಒಂದು ಹೆಸರಿಗೆ ಒಂದು ಮನೆ ಅಂತ ಲೆಕ್ಕ ಹಾಕಿ. ಆ ಮನೆಯವರಿಗೆ ಇಡೀ ವಿಡಿಯೋ ಇರೋದೇ ಆ ಒಂದು ಸಾಲಿಗೋಸ್ಕರ.

(9/9)
ಇನ್ನುಳಿದ ಎರಡು ತಕರಾರಿಗೂ ಉತ್ತರ ಕೊಟ್ಟು ಮುಗಿಸ್ತೀನಿ.

'ಆನ್‌ಲೈನ್‌ನಲ್ಲಿ ಹೆಸರು ಸಿಗುತ್ತಲ್ಲ' ಅಂತೀರಿ. ಐಎಂಡಿಬಿ ಬೆಳೆದಿದ್ದೇ 1990ರಲ್ಲಿ ಸಿನಿಮಾ ಹುಚ್ಚಿನ ಜನ ಇಂಟರ್‌ನೆಟ್‌ನ ಚರ್ಚಾ ಗುಂಪಲ್ಲಿ ಟೈಪ್ ಮಾಡಿದ ಪಟ್ಟಿಗಳಿಂದ. ಪರದೆ ಮೇಲೆ ಹೆಸರು ಬಂದಿದ್ದಕ್ಕೆ ಅಂಥ ಪಟ್ಟಿ ಸಾಧ್ಯ ಆಯ್ತು. ಪರದೆಯಲ್ಲೇ ಇಲ್ಲದ್ದನ್ನ ನಾಳೆ ಯಾರು ಎಲ್ಲಿಂದ ತಂದು ಟೈಪ್ ಮಾಡ್ತಾರೆ?

'ರೀಚ್ ಬೀಳುತ್ತೆ' ಅಂತೀರಿ. ಹೌದು, ಬೀಳುತ್ತೆ. 14 ಹೆಸರು ಸೇರಿಸಿ ಹೊಸ ವಿಡಿಯೋ ಹಾಕಿದೀನಿ, ಎಲ್ಲರನ್ನೂ ಕೇಳಿಯೇ ಹಾಕಿದ್ದು. ಹಳೇದರ ಕಾಲು ಭಾಗ ವ್ಯೂಸೂ ಬಂದಿಲ್ಲ. ಇರಲಿ. ಊಟಕ್ಕೆ ಲೇಟಾಗುತ್ತೆ ಅಂತ ವಂದನಾರ್ಪಣೆಯನ್ನೇ ಕೈಬಿಟ್ಟ ಸಭೆ ನಾನಂತೂ ನೋಡಿಲ್ಲ.

ಫೈನಲ್ ಇಯರ್ ಪ್ರಾಜೆಕ್ಟ್ ಶುರುವಾಗ್ತಿದೆ. ಶಾರ್ಟ್ ಫಿಲ್ಮ್, ಫೆಸ್ಟ್ ವಿಡಿಯೋ, ಪಾಡ್‌ಕಾಸ್ಟ್, ಏನೇ ಮಾಡಿ, ನಾಲ್ಕು ಕೆಲಸ ಮಾಡಿ. ಒಂದು, ಹೆಸರುಗಳನ್ನ ಓಡಿಸಬೇಡಿ, ಫೋನಲ್ಲಿ ಓದೋ ಹಾಗೆ ನಿಲ್ಲಿಸಿ. ಎರಡು, ಹೆಸರಿನ ಪಕ್ಕ ಕೆಲಸ ಏನು ಅಂತ ಬರೀರಿ, 'ಟೀಮ್' ಅಂತ ಒಂದೇ ಪದದಲ್ಲಿ ಎಲ್ಲರನ್ನೂ ಮುಳುಗಿಸಬೇಡಿ. ಮೂರು, ಐಡಿಯಾ ಯಾರದ್ದೋ ಅವರ ಹೆಸರೇ ಇರಲಿ, ಜೂಲಾನ್ ಕಥೆ ನೆನಪಿಟ್ಕೊಳ್ಳಿ. ನಾಲ್ಕು, ದುಡ್ಡು ಕೊಟ್ಟವರ ಹೆಸರನ್ನೂ ಹೇಳಿ, ಆದ್ರೆ ದುಡಿದವರಿಗಿಂತ ಒಂದು ಸೆಕೆಂಡ್ ಕೂಡ ಜಾಸ್ತಿ ಬೇಡ.

ನಾಳೆ ನಮ್ಮಲ್ಲಿ ಬಹಳ ಜನ ಇದೇ ಟಿವಿ, ಇದೇ ಓಟಿಟಿಗಳ ಕ್ಯಾಮೆರಾ ಹಿಂದೆ ಕೆಲಸಕ್ಕೆ ಸೇರ್ತೀವಿ. ನಮ್ಮ ಹೆಸರು ಬರೋದೂ ಆ ಕೊನೇ ನಿಮಿಷದಲ್ಲೇ. ನಾವು ಇವತ್ತು ಉಳಿಸಿಕೊಳ್ಳದ ಅಭ್ಯಾಸವನ್ನ ನಾಳೆ ಬೇರೆಯವರು ನಮಗೋಸ್ಕರ ಉಳಿಸ್ತಾರೆ ಅಂತ ಕಾಯಬೇಡಿ.

ಇವತ್ತು ರಾತ್ರಿ ಯಾವುದಾದ್ರೂ ಶೋ ನೋಡಿದ್ರೆ ಕೊನೇವರೆಗೂ ಕೂತಿರಿ. ಯಾವುದಾದ್ರೂ ಒಂದು ಹೆಸರು ಓದಿ, ಅವರು ಮಾಡಿದ ಕೆಲಸ ಏನು ಅಂತ ನೋಡಿ, ಕೆಳಗೆ ಕಾಮೆಂಟಲ್ಲಿ ಬರೀರಿ. ನಿರೂಪಕರ ಹೆಸರು ಬೇಡ, ಅದು ಎಲ್ಲರಿಗೂ ಗೊತ್ತು.

#ಕೊನೇನಿಮಿಷ #ಹೆಸರುಹಾಕಿ #ವಂದನಾರ್ಪಣೆ #ಗೇಮ್‌ಶೋ #ಕನ್ನಡಬರಹ